ಹೇಂಟೆಯ ಬಳುವಳಿ

ಹ್ಯಾಚರಿಯಲ್ಲಿ ಮೊಟ್ಟೆ ಇಟ್ಟ 21ನೇ ದಿನ ಯಂತ್ರದ ಬಾಗಿಲು ತೆಗೆದರೆ ಬಿಸಿ ಗಾಳಿಯ ಜೊತೆಗೇ ಸಾವಿರಾರು ಮರಿಗಳ ಚೀಂವ್ ಚೀಂವ್ ಹೊರಗೆ ನುಗ್ಗುತ್ತದೆ. ಟ್ರೇಗಳ ತುಂಬ ಒಡೆದ ಚಿಪ್ಪು, ಆಗಷ್ಟೇ ಆರುತ್ತಿರುವ ಹಳದಿ ತುಪ್ಪಳ. ಕೆಲಸದವರು ಮರಿಗಳನ್ನು ಎಣಿಸಿ, ಕುತ್ತಿಗೆಯ ಚರ್ಮಕ್ಕೆ ಮಾರೆಕ್ಸ್ ರೋಗದ ಲಸಿಕೆ ಚುಚ್ಚಿ, ತೂತುಗಳಿರುವ ಪೆಟ್ಟಿಗೆಗೆ ತುಂಬಿ ವ್ಯಾನಿಗೆ ಏರಿಸುತ್ತಾರೆ. ಮೊಟ್ಟೆಯ ಹಳದಿ ಭಾಗ ಸ್ವಲ್ಪ ಇನ್ನೂ ಮರಿಯ ಹೊಟ್ಟೆಯೊಳಗೆ ಉಳಿದಿರುತ್ತದೆ. ಎರಡು ಮೂರು ದಿನದ ಪ್ರಯಾಣವನ್ನೂ ಮರಿ ತಾಳಿಕೊಳ್ಳುವುದು ಆ ಹಳದಿಯ ಬಲದಿಂದ. ಫಾರ್ಮಿಗೆ ಬಂದಿಳಿದ ಮೇಲೆ ಭತ್ತದ ಹೊಟ್ಟು ಹಾಸಿದ ನೆಲ, ಬಲ್ಬಿನ ಕಾವು, ಕಾಲಕಾಲಕ್ಕೆ ನೀರು, ಮೇವು. ಸುಮಾರು ಆರು ವಾರಕ್ಕೆ ತೂಕಕ್ಕೆ ಬಂದು ಲಾರಿ ಹತ್ತುತ್ತದೆ. ಇಷ್ಟರಲ್ಲಿ ಆ ಮರಿ ಒಮ್ಮೆಯೂ ತಾಯಿ ಕೋಳಿಯನ್ನು ಕಂಡಿರುವುದಿಲ್ಲ. ಮೊಟ್ಟೆ ಯಂತ್ರಕ್ಕೆ ಹೋಗುವ ಮೊದಲೇ ಫಾರ್ಮಾಲಿನ್ ಹೊಗೆಯಲ್ಲಿ ಶುದ್ಧವಾಗಿರುವುದರಿಂದ ಚಿಪ್ಪಿನ ಮೇಲಿದ್ದ ತಾಯಿಯ ಕುರುಹೂ ಅಳಿಸಿಹೋಗಿರುತ್ತದೆ.

ಹಿತ್ತಲ ಕೋಳಿಯ ಸಂಸಾರ ಇದಕ್ಕೆ ಪೂರ್ತಿ ವಿರುದ್ಧ. ಬುಟ್ಟಿಯಲ್ಲಿ ಕಾವಿಗೆ ಕೂತ ಹೇಂಟೆ ಮೊಟ್ಟೆಗಳನ್ನು ಕೊಕ್ಕಿನಿಂದ ತಿರುಗಿಸುತ್ತಲೇ ಇರುತ್ತದೆ. ಮರಿ ಒಡೆದು ಬಂದಾಗ ಮೊದಲು ಕುಕ್ಕುವುದು ಆ ಬುಟ್ಟಿಯ ಹೊಟ್ಟನ್ನು, ತಾಯಿಯ ಗರಿಯನ್ನು, ಅದರ ಒಣಗಿದ ಹಿಕ್ಕೆಯನ್ನು. ಮರುದಿನ ತಾಯಿ ತಿಪ್ಪೆ ಕೆದರಿದರೆ ಮರಿಗಳೂ ಅಲ್ಲೇ ಕೆದರುತ್ತವೆ. ನೋಡುವವರ ಕಣ್ಣಿಗೆ ಇದು ಕೊಳಕು. ಆದರೆ ಆ ಒಂದೆರಡು ದಿನಗಳಲ್ಲಿ ತಾಯಿಯ ಕರುಳಿನ ನೂರಾರು ಬಗೆಯ ಸೂಕ್ಷ್ಮಾಣುಗಳು ಮರಿಯ ಹೊಟ್ಟೆ ಸೇರಿರುತ್ತವೆ. ಆ ಬಳುವಳಿ ಸಿಗದ ಮರಿಗೆ ಏನಾಗುತ್ತದೆ, ಅದನ್ನು ಮನುಷ್ಯರು ಬೇರೆ ದಾರಿಯಿಂದ ಕೊಡಲು ಹೋದಾಗ ಏನು ಕಲಿತರು ಎಂಬುದೇ ಈ ಅಧ್ಯಾಯದ ವಿಷಯ.

1971ರಲ್ಲಿ ಫಿನ್ಲೆಂಡಿನ ಬ್ರಾಯ್ಲರ್ ಫಾರ್ಮ್‌ಗಳಲ್ಲಿ ಸಾಲ್ಮೊನೆಲ್ಲಾ ಇನ್‌ಫ್ಯಾಂಟಿಸ್ ಎಂಬ ಬ್ಯಾಕ್ಟೀರಿಯಾ ವ್ಯಾಪಕವಾಗಿ ಹರಡಿತು. ಸಾಲ್ಮೊನೆಲ್ಲಾ ಎಂದಕೂಡಲೇ ನಮಗೆ ನೆನಪಾಗುವುದು ಟೈಫಾಯ್ಡ್. ಅದು ಈ ಕುಟುಂಬದ್ದೇ, ಆದರೆ ಮನುಷ್ಯರಲ್ಲಿ ಮಾತ್ರ ಬದುಕುವ ತಳಿ. ಕೋಳಿಯಿಂದ ಬರುವ ಇನ್‌ಫ್ಯಾಂಟಿಸ್, ಎಂಟರಿಟಿಡಿಸ್, ಟೈಫಿಮ್ಯೂರಿಯಂ ತಳಿಗಳು ಬೇರೆ. ಇವು ಮನುಷ್ಯರಿಗೆ ವಾಂತಿ, ಭೇದಿ, ಜ್ವರ ತರುತ್ತವೆ. ಎಳೆಯ ಮಕ್ಕಳಿಗೂ ಮುದುಕರಿಗೂ ಕೆಲವೊಮ್ಮೆ ಪ್ರಾಣಾಪಾಯ. ಕೋಳಿಗೆ ಮಾತ್ರ ಹೆಚ್ಚಿನ ಸಲ ಏನೂ ಆಗುವುದಿಲ್ಲ. ಅದು ತಿಂದುಂಡು ಬೆಳೆಯುತ್ತದೆ, ತೂಕಕ್ಕೆ ಬರುತ್ತದೆ, ಕರುಳಿನಲ್ಲಿ ಮಾತ್ರ ಕೋಟಿಗಟ್ಟಲೆ ಸಾಲ್ಮೊನೆಲ್ಲಾ ಹೊತ್ತಿರುತ್ತದೆ. ರೈತ ಎಷ್ಟೇ ಸೂಕ್ಷ್ಮವಾಗಿ ನೋಡಿದರೂ ಕಾಯಿಲೆ ಕಾಣುವುದಿಲ್ಲ. ಮಾಂಸ ಕತ್ತರಿಸುವಾಗ ಕರುಳು ಹರಿದರೆ ಅಲ್ಲಿಂದ ಅಡುಗೆಮನೆಗೆ ದಾರಿ ತೆರೆದಂತೆ.

ಹೆಲ್ಸಿಂಕಿಯ ಸರ್ಕಾರಿ ಪಶುವೈದ್ಯಕೀಯ ಸಂಸ್ಥೆಯಲ್ಲಿದ್ದ ಎಸ್ಕೊ ನುರ್ಮಿ ಮತ್ತು ರಂತಾಲಾ ಈ ಸಮಸ್ಯೆಯ ಬೆನ್ನು ಹತ್ತಿದರು. ದೊಡ್ಡ ಕೋಳಿಗಳಿಗೆ ಸುಲಭಕ್ಕೆ ಅಂಟದ ಸಾಲ್ಮೊನೆಲ್ಲಾ ಎಳೆ ಮರಿಗಳಿಗೆ ಯಾಕೆ ಅಷ್ಟು ಸುಲಭವಾಗಿ ಅಂಟುತ್ತದೆ? ಈ ವ್ಯತ್ಯಾಸವನ್ನು 1952ರಲ್ಲೇ ಅಮೆರಿಕದ ಮಿಲ್ನರ್ ಮತ್ತು ಶಾಫರ್ ತೋರಿಸಿದ್ದರು. ಹುಟ್ಟಿದ ದಿನದ ಮರಿಗೆ ಬೆರಳೆಣಿಕೆಯಷ್ಟು ಬ್ಯಾಕ್ಟೀರಿಯಾ ಸಾಕು. ದಿನ ಕಳೆದಂತೆ ಅದೇ ಮರಿಗೆ ಸೋಂಕು ತಗಲಿಸಲು ಎಷ್ಟೋ ಪಟ್ಟು ಹೆಚ್ಚು ಬೇಕಾಗುತ್ತದೆ. ಮರಿಯ ರೋಗನಿರೋಧಕ ಶಕ್ತಿ ಅಷ್ಟು ಬೇಗ ಬಲಿಯುವಂಥದ್ದಲ್ಲ. ಹಾಗಾದರೆ ಆ ದಿನಗಳಲ್ಲಿ ಮರಿಯೊಳಗೆ ಬದಲಾದದ್ದು ಏನು? ಅದರ ಕರುಳಿನ ನಿವಾಸಿಗಳು, ಎಂಬುದು ನುರ್ಮಿಯವರ ಊಹೆ.

ಅವರು ಮೊದಲು ಪ್ರಯತ್ನಿಸಿದ್ದು ಲ್ಯಾಕ್ಟೋಬ್ಯಾಸಿಲಸ್ ಅನ್ನು, ಅಂದರೆ ನಮ್ಮ ಮೊಸರಿನ ಬ್ಯಾಕ್ಟೀರಿಯಾದ ಬಂಧುವನ್ನು. ಅದರಿಂದ ಪ್ರಯೋಜನ ಕಾಣಲಿಲ್ಲ. ಬಳಿಕ ಆರೋಗ್ಯವಂತ ದೊಡ್ಡ ಹುಂಜದ ಕರುಳಿನಲ್ಲಿದ್ದದ್ದನ್ನು ತೆಗೆದು, ನೀರಿನಲ್ಲಿ ಕದಡಿ, ಆಗಷ್ಟೇ ಹುಟ್ಟಿದ ಮರಿಗಳ ಗಂಟಲಿಗೆ ಹಾಕಿದರು. ಆಮೇಲೆ ಬೇಕೆಂದೇ ಸಾಲ್ಮೊನೆಲ್ಲಾ ಇನ್‌ಫ್ಯಾಂಟಿಸ್ ಕೊಟ್ಟರು. ಏನೂ ಕೊಡದ ಮರಿಗಳಲ್ಲಿ ಸೋಂಕು ನೆಲೆನಿಂತಿತು. ಹುಂಜದ ಕರುಳಿನ ಸಾರ ಕುಡಿದ ಮರಿಗಳಲ್ಲಿ ಹೆಚ್ಚಿನವು ಪಾರಾದವು. 1973ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಅವರ ಲೇಖನ ಎರಡೇ ಪುಟದ್ದು. ಕೋಳಿ ಸಾಕಣೆಯ ವಿಜ್ಞಾನದಲ್ಲಿ ಅದರಷ್ಟು ದೂರ ಸಾಗಿದ ಎರಡು ಪುಟಗಳು ಕಡಿಮೆ. ಇಂದಿಗೂ ಈ ವಿಧಾನವನ್ನು ನುರ್ಮಿ ವಿಧಾನ ಎಂದೇ ಕರೆಯುತ್ತಾರೆ.

ಅವರ ಪ್ರಯೋಗದ ಕಣ ಯಾವುದು ಎಂದು ತಿಳಿಯಬೇಕಾದರೆ ಕೋಳಿಯ ಹೊಟ್ಟೆಯೊಳಗೆ ಸ್ವಲ್ಪ ಇಣುಕಬೇಕು. ಸಣ್ಣಕರುಳು ಮುಗಿದು ದೊಡ್ಡಕರುಳು ಶುರುವಾಗುವ ಜಾಗದಲ್ಲಿ ಎರಡು ಉದ್ದನೆಯ, ಒಂದು ತುದಿ ಮುಚ್ಚಿದ ಚೀಲಗಳಿವೆ. ಇವೇ ಸೀಕಮ್‌ಗಳು. ಕತ್ತರಿಸಿ ನೋಡಿದರೆ ಒಳಗೆ ಕಡು ಕಂದು ಬಣ್ಣದ, ಅಂಟಂಟಾದ, ಮೂಗು ಮುಚ್ಚಿಕೊಳ್ಳುವಷ್ಟು ನಾತದ ಮುದ್ದೆ. ಕೋಳಿ ಸಾಕಿದವರಿಗೆ ಇದು ಬೇರೆ ರೂಪದಲ್ಲಿ ಪರಿಚಿತ. ಬಿಳಿ ತುದಿಯ ಸಾಮಾನ್ಯ ಹಿಕ್ಕೆಗಳ ನಡುವೆ ಆಗಾಗ ಬೀಳುವ ಚಾಕೊಲೇಟ್ ಬಣ್ಣದ ಜಿಗುಟು ಹಿಕ್ಕೆ ಸೀಕಮ್ ಖಾಲಿಯಾದುದರ ಗುರುತು. ಕೋಳಿಯ ಕರುಳಿನಲ್ಲಿ ಮೇವು ಕೆಲವೇ ಗಂಟೆಗಳಲ್ಲಿ ಹಾದುಹೋಗುತ್ತದೆ. ಸೀಕಮ್ ಒಳಗೆ ಹೊಕ್ಕದ್ದು ಮಾತ್ರ ಹೆಚ್ಚು ಹೊತ್ತು ನಿಲ್ಲುತ್ತದೆ. ಅಲ್ಲಿ ಆಮ್ಲಜನಕವಿಲ್ಲ, ಕತ್ತಲು, ಸುಮಾರು 41 ಡಿಗ್ರಿ ಬಿಸಿ. ದೊಡ್ಡ ಕೋಳಿಯ ಸೀಕಮ್ ಮುದ್ದೆಯ ಒಂದೇ ಒಂದು ಗ್ರಾಂನಲ್ಲಿ ಸಾವಿರ ಕೋಟಿಗೂ ಮೀರಿ ಬ್ಯಾಕ್ಟೀರಿಯಾಗಳಿರುತ್ತವೆ. ಸಾಲ್ಮೊನೆಲ್ಲಾ ಬೀಡುಬಿಡಲು ಬಯಸುವುದೂ ಇಲ್ಲಿಯೇ. ಹ್ಯಾಚರಿ ಮರಿಯಲ್ಲಿ ಈ ಚೀಲ ಬಹುಮಟ್ಟಿಗೆ ಖಾಲಿ. ತಾಯಿಯಿಲ್ಲದೆ, ಪರಿಸರದಿಂದಲೇ ಒಂದೊಂದಾಗಿ ಬಂದು ತುಂಬಿ, ದೊಡ್ಡ ಕೋಳಿಯ ಮಟ್ಟಕ್ಕೆ ಬರಲು ವಾರಗಳೇ ಬೇಕು. ಆ ವಾರಗಳು ಮುಗಿಯುವ ಹೊತ್ತಿಗೆ ಬ್ರಾಯ್ಲರ್ ಕೋಳಿಯ ಆಯುಸ್ಸೂ ಮುಗಿಯುತ್ತ ಬಂದಿರುತ್ತದೆ.

ಜಾತ್ರೆಯ ದಿನ ಬಸ್ಸು ನಿಲ್ದಾಣಕ್ಕೆ ಬರುವಾಗಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರನ್ನು ನಾವೆಲ್ಲ ನೋಡಿದ್ದೇವೆ. ಒಮ್ಮೆ ಟವೆಲ್ ಬಿದ್ದರೆ ಆಮೇಲೆ ಬಂದವನು ಎಷ್ಟೇ ಗಟ್ಟಿಗನಾದರೂ ನಿಂತೇ ಹೋಗಬೇಕು. ಕರುಳಿನಲ್ಲೂ ಮೊದಲು ಬಂದವರದೇ ಜಾಗ. ಕೊನೆಗೆ ನಿರ್ಣಾಯಕವಾಗುವುದು ಒಳ್ಳೆಯ ಬ್ಯಾಕ್ಟೀರಿಯಾದ ಶಕ್ತಿಗಿಂತ ಅದು ಬಂದ ಹೊತ್ತು.

ಜಾಗ ಹಿಡಿದವರು ಅದನ್ನು ಉಳಿಸಿಕೊಳ್ಳುವ ಬಗೆ ಒಂದೆರಡಲ್ಲ. ಕೆಲವು ಬ್ಯಾಕ್ಟೀರಿಯಾಗಳು ಕರುಳಿನ ಗೋಡೆಗೆ ಮೊದಲೇ ಅಂಟಿಕೊಂಡು ಸಾಲ್ಮೊನೆಲ್ಲಾಗೆ ಹಿಡಿತ ಸಿಗದಂತೆ ಮಾಡುತ್ತವೆ. ಕೆಲವು ಸಕ್ಕರೆ ಮತ್ತು ಅಮೈನೋ ಆಮ್ಲಗಳನ್ನು ಮೊದಲೇ ತಿಂದು ಮುಗಿಸುತ್ತವೆ. ಇನ್ನು ಕೆಲವು ತಮ್ಮ ಹತ್ತಿರದ ಸಂಬಂಧಿಗಳನ್ನೇ ಕೊಲ್ಲುವ ಬ್ಯಾಕ್ಟೀರಿಯೋಸಿನ್ ಎಂಬ ಸಣ್ಣ ಪ್ರೋಟೀನುಗಳನ್ನು ಹೊರಬಿಡುತ್ತವೆ. ಆದರೆ ಎಲ್ಲಕ್ಕಿಂತ ಕುತೂಹಲದ್ದು ಆಮ್ಲಗಳ ಕೆಲಸ. ಮೇವಿನಲ್ಲಿ ಜೀರ್ಣವಾಗದೆ ಉಳಿದ ನಾರನ್ನು ಸೀಕಮ್ಮಿನ ಬ್ಯಾಕ್ಟೀರಿಯಾಗಳು ಹುದುಗಿಸಿ ಅಸಿಟಿಕ್, ಪ್ರೊಪಿಯಾನಿಕ್, ಬ್ಯುಟಿರಿಕ್ ಆಮ್ಲಗಳನ್ನು ಮಾಡುತ್ತವೆ. ಇವು ಸಾಲ್ಮೊನೆಲ್ಲಾದ ಮೈಯೊಳಗೆ ನುಸುಳಿ ಅದರ ಬೆಳವಣಿಗೆ ತಡೆಯುತ್ತವೆ. ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾಲಯದ ಫಿಲಿಪ್ ಫಾನ್ ಇಮ್ಮರ್‌ಸೀಲ್ ಮತ್ತು ಸಂಗಡಿಗರು ಬ್ಯುಟಿರಿಕ್ ಆಮ್ಲದ ಇನ್ನೊಂದು ಗುಣವನ್ನು ಕಂಡುಕೊಂಡರು. ಕರುಳಿನ ಗೋಡೆಯನ್ನು ಕೊರೆದು ಒಳನುಗ್ಗಲು ಸಾಲ್ಮೊನೆಲ್ಲಾಗೆ ಬೇಕಾದ ಜೀನುಗಳನ್ನೇ ಅದು ಅಡಗಿಸಿಬಿಡುತ್ತದೆ. ಬ್ಯಾಕ್ಟೀರಿಯಾ ಸಾಯದಿದ್ದರೂ ಒಳನುಗ್ಗುವ ಅದರ ಬಲ ಉಡುಗುತ್ತದೆ.

ಬ್ಯುಟಿರಿಕ್ ಆಮ್ಲದ ಕೆಲಸ ಅಷ್ಟಕ್ಕೇ ಮುಗಿಯುವುದಿಲ್ಲ. ಕರುಳಿನ ಒಳಪದರದ ಜೀವಕೋಶಗಳಿಗೆ ಅದೇ ಮುಖ್ಯ ಆಹಾರ. ಅದನ್ನು ಉರಿಸುವಾಗ ಅವು ರಕ್ತದಿಂದ ಬಂದ ಆಮ್ಲಜನಕವನ್ನು ಪೂರ್ತಿ ಬಳಸಿಕೊಳ್ಳುತ್ತವೆ. ಕರುಳಿನ ಒಳಗೆ ಏನೂ ಸೋರುವುದಿಲ್ಲ. ಬ್ಯುಟಿರಿಕ್ ಆಮ್ಲ ಮಾಡುವ ಬ್ಯಾಕ್ಟೀರಿಯಾಗಳು ಸತ್ತರೆ ಈ ಏರ್ಪಾಡು ಕೆಡುತ್ತದೆ. ಆಮ್ಲಜನಕ ಒಳಕ್ಕೆ ಜಿನುಗುತ್ತದೆ. ಅದನ್ನು ಬಳಸಿ ಉಸಿರಾಡಬಲ್ಲ ಸಾಲ್ಮೊನೆಲ್ಲಾ ಬೇಗಬೇಗ ಬೆಳೆಯುತ್ತದೆ. ಇದು ಇಲಿಗಳ ಮೇಲಿನ ಪ್ರಯೋಗಗಳಿಂದ ತಿಳಿದದ್ದು. ಕ್ಯಾಲಿಫೋರ್ನಿಯಾದ ಆಂಡ್ರಿಯಾಸ್ ಬಾಯ್ಮ್ಲರ್ ಅವರ ತಂಡ 2010ರಲ್ಲಿ ಇನ್ನೊಂದು ಸಂಗತಿಯನ್ನು ಬಯಲಿಗೆ ತಂದಿತು. ಸಾಲ್ಮೊನೆಲ್ಲಾ ಕರುಳಿನಲ್ಲಿ ಉರಿಯೂತ ಎಬ್ಬಿಸಿ, ಆ ಉರಿಯೂತದಿಂದ ಹುಟ್ಟುವ ಟೆಟ್ರಾಥಯೋನೇಟ್ ಎಂಬ ಗಂಧಕದ ಸಂಯುಕ್ತವನ್ನು ಆಮ್ಲಜನಕದ ಬದಲಿಗೆ ಉಸಿರಾಟಕ್ಕೆ ಬಳಸಿಕೊಳ್ಳುತ್ತದೆ. ಕರುಳಿನ ಬಹುಪಾಲು ನಿವಾಸಿಗಳಿಗೆ ಈ ಸಾಮರ್ಥ್ಯವಿಲ್ಲ. ರೋಗವೇ ರೋಗಾಣುವಿನ ಮೇವು! ಇಂಥ ಎದುರಾಳಿಯನ್ನು ತಡೆಯಲು ಒಂದೆರಡು ತಳಿಯ ಬ್ಯಾಕ್ಟೀರಿಯಾ ಯಾಕೆ ಸಾಲದು, ಇಡೀ ಸಮುದಾಯ ಯಾಕೆ ಬೇಕು ಎನ್ನುವುದು ಈಗ ಅರ್ಥವಾದೀತು. ಗೋಡೆಗೆ ಅಂಟುವವರು ಬೇರೆ, ನಾರು ಹುದುಗಿಸುವವರು ಬೇರೆ, ಮೊದಲು ಬಂದು ಇದ್ದಬದ್ದ ಆಮ್ಲಜನಕ ಹೀರಿ ಮುಂದಿನವರಿಗೆ ನೆಲೆ ಸಿದ್ಧಮಾಡುವವರು ಬೇರೆ.

ಇದೇ ಕಾರಣಕ್ಕೆ ಆಂಟಿಬಯಾಟಿಕ್ ಇಲ್ಲಿ ಮಿತ್ರನಾಗುವುದಕ್ಕಿಂತ ಹೆಚ್ಚು ಸಲ ಶತ್ರುವಾಗುತ್ತದೆ. 1950ರ ದಶಕದಲ್ಲಿ ಮಾರ್ಜರಿ ಬಾನ್‌ಹಾಫ್ ಮತ್ತು ಸಿ. ಫಿಲಿಪ್ ಮಿಲ್ಲರ್ ಇಲಿಗಳಿಗೆ ಸ್ಟ್ರೆಪ್ಟೊಮೈಸಿನ್ ಕೊಟ್ಟು ನೋಡಿದರು. ಸಾಮಾನ್ಯ ಇಲಿಗೆ ಸೋಂಕು ತಗಲಲು ಸುಮಾರು 1 ಲಕ್ಷ ಸಾಲ್ಮೊನೆಲ್ಲಾ ಬೇಕಾಗುತ್ತಿತ್ತು. ಸ್ಟ್ರೆಪ್ಟೊಮೈಸಿನ್ ಕುಡಿದ ಇಲಿಗೆ ಹತ್ತಕ್ಕಿಂತ ಕಡಿಮೆ ಸಾಕಾಯಿತು. ಔಷಧ ರೋಗಾಣುವನ್ನು ಕೊಲ್ಲುವ ಬದಲು ಕಾವಲುಗಾರರನ್ನು ಕೊಂದಿತ್ತು.

ಫಿನ್ಲೆಂಡಿನ ಪ್ರಯೋಗ ಹ್ಯಾಚರಿಗೆ ಬರಲು ಒಂದು ದೊಡ್ಡ ಅಡ್ಡಿಯಿತ್ತು. ದೊಡ್ಡ ಕೋಳಿಯ ಕರುಳಿನ ಸಾರದೊಳಗೆ ಏನೇನು ಇರುತ್ತದೆ ಎಂದು ಯಾರು ಹೇಳಬಲ್ಲರು? ಒಳ್ಳೆಯದರ ಜೊತೆ ವೈರಸ್ಸೂ ಬಂದೀತು, ಕಾಕ್ಸಿಡಿಯಾ ಪರೋಪಜೀವಿಯೂ ಬಂದೀತು. ಲಕ್ಷಗಟ್ಟಲೆ ಮರಿಗಳಿಗೆ ಅದನ್ನು ಕುಡಿಸುವುದು ಹುಡುಗಾಟವಲ್ಲ. ಹಾಗಾಗಿ ರೋಗಮುಕ್ತವೆಂದು ಪರೀಕ್ಷಿಸಿದ ಕೋಳಿಯ ಸೀಕಮ್ಮಿನಿಂದ ಬ್ಯಾಕ್ಟೀರಿಯಾ ತೆಗೆದು, ಆಮ್ಲಜನಕವಿಲ್ಲದ ಪಾತ್ರೆಗಳಲ್ಲಿ ಬೆಳೆಸಿ, ಮತ್ತೆ ಪರೀಕ್ಷಿಸಿ, ಹೆಪ್ಪುಗಟ್ಟಿಸಿ ಒಣಗಿಸಿ ಪುಡಿ ಮಾಡುವ ದಾರಿ ಹಿಡಿದರು. 1987ರಲ್ಲಿ ಫಿನ್ಲೆಂಡಿನಲ್ಲೇ 'ಬ್ರಾಯ್ಲ್ಯಾಕ್ಟ್' ಎಂಬ ಉತ್ಪನ್ನ ಮಾರುಕಟ್ಟೆಗೆ ಬಂತು. ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು ಟೆಕ್ಸಸ್‌ನ ಕಾಲೇಜ್ ಸ್ಟೇಷನ್‌ನಲ್ಲಿ ಮತ್ತೊಂದು ಹೆಜ್ಜೆ ಇಟ್ಟರು. ಸೀಕಮ್ಮಿನ ಪರಿಸರವನ್ನೇ ಹೋಲುವ, ಒಂದು ಕಡೆಯಿಂದ ಆಹಾರ ಹರಿದು ಇನ್ನೊಂದು ಕಡೆಯಿಂದ ಹೊರಹೋಗುವ ಪಾತ್ರೆಯಲ್ಲಿ ಬ್ಯಾಕ್ಟೀರಿಯಾ ಸಮುದಾಯವನ್ನು ದೀರ್ಘಕಾಲ ಬೆಳೆಸಿ, ಉಳಿದು ನಿಂತ 29 ಬಗೆಗಳನ್ನು ಒಂದೊಂದಾಗಿ ಗುರುತಿಸಿದರು. 'ಪ್ರಿಎಂಪ್ಟ್' ಹೆಸರಿನ ಈ ಮಿಶ್ರಣಕ್ಕೆ 1998ರ ಮಾರ್ಚಿನಲ್ಲಿ ಅಲ್ಲಿನ ಆಹಾರ ಮತ್ತು ಔಷಧ ಆಡಳಿತ ಒಪ್ಪಿಗೆ ಕೊಟ್ಟಿತು.

ಕೊಡುವ ಬಗೆಯೂ ಚೆಂದ. ಮರಿಗಳು ಹ್ಯಾಚರಿ ಟ್ರೇಯಲ್ಲಿರುವಾಗಲೇ ಅವುಗಳ ಮೇಲೆ ಸಣ್ಣಗೆ ಸಿಂಪಡಿಸುತ್ತಾರೆ. ತುಪ್ಪಳದ ಮೇಲೆ ಹನಿ ನಿಂತ ಮರಿ ಸುಮ್ಮನಿರುವುದಿಲ್ಲ, ಕೊಕ್ಕಿನಿಂದ ತನ್ನನ್ನೂ ಪಕ್ಕದ ಮರಿಯನ್ನೂ ಕುಕ್ಕಿ ಕುಕ್ಕಿ ಒಣಗಿಸಿಕೊಳ್ಳುತ್ತದೆ. ಆ ಹನಿಯ ಜೊತೆ ಬ್ಯಾಕ್ಟೀರಿಯಾ ಹೊಟ್ಟೆ ಸೇರುತ್ತದೆ. ತಾಯಿಯ ಗರಿ ಕುಕ್ಕುವ ಹಿತ್ತಲ ಮರಿಯ ಸ್ವಭಾವವೇ ಇಲ್ಲಿ ಉಪಯೋಗಕ್ಕೆ ಬಂತು.

ಆದರೂ ಅಮೆರಿಕದಲ್ಲಿ ಈ ವಿಧಾನ ಬೇರೂರಲಿಲ್ಲ. ಪ್ರಿಎಂಪ್ಟ್ ಹೆಚ್ಚು ಕಾಲ ಮಾರುಕಟ್ಟೆಯಲ್ಲಿ ಉಳಿಯಲಿಲ್ಲ. ಸಾಲ್ಮೊನೆಲ್ಲಾ ತಡೆಯುತ್ತದೆ ಎಂದು ಹೇಳಿಕೊಂಡರೆ ಅಲ್ಲಿನ ಕಾನೂನಿನಂತೆ ಅದು ಔಷಧ. ಔಷಧವೆಂದರೆ ಒಳಗಿರುವ ಪ್ರತಿ ತಳಿಯ ಲೆಕ್ಕವನ್ನೂ ಕೊಡಬೇಕು. ಗುರುತಿಸದ ಸಮುದಾಯಕ್ಕೆ ಒಪ್ಪಿಗೆ ಸಿಗುವುದಿಲ್ಲ, ಗುರುತಿಸಿದ್ದಕ್ಕೆ ಖರ್ಚು ಹೆಚ್ಚು. ಕೋಳಿಗೆ ಕಾಯಿಲೆಯಾಗದ ಬ್ಯಾಕ್ಟೀರಿಯಾವನ್ನು ತಡೆಯಲು ಪ್ರತಿ ಮರಿಯ ಮೇಲೂ ಹಣ ಹಾಕಲು ಉದ್ಯಮ ತಯಾರಿರಲಿಲ್ಲ. ಅದರ ಲಾಭ ಹೋಗುವುದು ತಿನ್ನುವವರಿಗೆ, ಖರ್ಚು ಬರುವುದು ಸಾಕುವವರಿಗೆ. ಸಾಕುವವರನ್ನು ಇಲ್ಲಿ ದೂರುವುದು ನ್ಯಾಯವಲ್ಲ. ಇಂಥ ಕಡೆ ಸರ್ಕಾರ ಕೈಹಾಕದೆ ಕೆಲಸ ಆಗುವುದಿಲ್ಲ ಎಂದು ನಾನು ಖಚಿತವಾಗಿ ಹೇಳುತ್ತೇನೆ. ಫಿನ್ಲೆಂಡ್ ಮತ್ತು ಸ್ವೀಡನ್ ಹಾಗೆ ಕೈಹಾಕಿದವು. ಮೇವಿನಿಂದ ಹಿಡಿದು ಮಾಂಸದ ತನಕ ಪರೀಕ್ಷೆ, ಸೋಂಕಿರುವ ಹಿಂಡಿನ ವಿಲೇವಾರಿ, ಹ್ಯಾಚರಿ ಶುಚಿತ್ವ ಎಲ್ಲವನ್ನೂ ಕಡ್ಡಾಯ ಮಾಡಿದವು. ಆ ದೇಶಗಳ ಕೋಳಿ ಹಿಂಡುಗಳಲ್ಲಿ ಇಂದು ಸಾಲ್ಮೊನೆಲ್ಲಾ ಅಪರೂಪ. ಸೂಕ್ಷ್ಮಾಣು ಮಿಶ್ರಣವೊಂದೇ ಅದನ್ನು ಸಾಧಿಸಿತೆಂದರೆ ತಪ್ಪಾದೀತು. ಅದು ಕಟ್ಟುನಿಟ್ಟಾದ ವ್ಯವಸ್ಥೆಯ ಒಂದು ಭಾಗವಾಗಿತ್ತು.

ಖಾಲಿ ಬಿದ್ದ ಜಾಗ ಎಷ್ಟು ಅಪಾಯಕಾರಿ ಎನ್ನಲು ಇನ್ನೊಂದು ಪ್ರಸಂಗ ಹೇಳಬೇಕು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಕೋಳಿ ಸಾಕುವವರನ್ನು ಕಂಗೆಡಿಸುತ್ತಿದ್ದದ್ದು ಮರಿಗಳ ಬಿಳಿ ಭೇದಿ. ಅದಕ್ಕೆ ಕಾರಣ ಸಾಲ್ಮೊನೆಲ್ಲಾ ಪುಲ್ಲೋರಂ. ದೊಡ್ಡ ಕೋಳಿಗಳನ್ನು ಕೊಲ್ಲುತ್ತಿದ್ದದ್ದು ಅದರ ಸೋದರ ತಳಿ ಗ್ಯಾಲಿನೇರಂ. ಎರಡೂ ಕೋಳಿಗೆ ಮಾರಿ, ಮನುಷ್ಯರಿಗೆ ಬಹುಮಟ್ಟಿಗೆ ನಿರಪಾಯ. ಅಮೆರಿಕದಲ್ಲಿ 1935ರಿಂದ ರಕ್ತಪರೀಕ್ಷೆ ಮಾಡಿ ಸೋಂಕಿತ ಕೋಳಿಗಳನ್ನು ತೆಗೆಯುವ ರಾಷ್ಟ್ರೀಯ ಯೋಜನೆ ಶುರುವಾಯಿತು. ಬ್ರಿಟನ್ನೂ ಹಾಗೇ ಮಾಡಿತು. ಕೆಲವು ದಶಕಗಳಲ್ಲಿ ಎರಡೂ ತಳಿಗಳು ವಾಣಿಜ್ಯ ಹಿಂಡುಗಳಿಂದ ಮಾಯವಾದವು. ಆಮೇಲೆ ಅದೇ ದೇಶಗಳಲ್ಲಿ ಮೊಟ್ಟೆಯ ಮೂಲಕ ಮನುಷ್ಯರಿಗೆ ಬರುವ ಎಂಟರಿಟಿಡಿಸ್ ತಲೆಯೆತ್ತಿತು. 1988ರ ಡಿಸೆಂಬರಿನಲ್ಲಿ ಬ್ರಿಟನ್ನಿನ ಆರೋಗ್ಯ ಖಾತೆಯ ಕಿರಿಯ ಸಚಿವೆ ಎಡ್ವಿನಾ ಕರಿ ದೇಶದ ಬಹುಪಾಲು ಮೊಟ್ಟೆ ಉತ್ಪಾದನೆಯಲ್ಲಿ ಸಾಲ್ಮೊನೆಲ್ಲಾ ಇದೆ ಎಂದು ಹೇಳಿ, ಎರಡು ವಾರದೊಳಗೆ ರಾಜೀನಾಮೆ ಕೊಡಬೇಕಾಯಿತು. ಬಾಯ್ಮ್ಲರ್ ಮತ್ತು ಸಂಗಡಿಗರು 2000ದಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ವಾದ ಮಂಡಿಸಿದರು. ಗ್ಯಾಲಿನೇರಂ ತಳಿಯ ಮೈಮೇಲಿನ ಗುರುತುಗಳು ಎಂಟರಿಟಿಡಿಸ್‌ನವುಗಳನ್ನೇ ಹೋಲುತ್ತವೆ. ಒಂದಕ್ಕೆ ರೋಗನಿರೋಧಕತೆ ಪಡೆದ ಹಿಂಡಿನಲ್ಲಿ ಇನ್ನೊಂದಕ್ಕೆ ಜಾಗ ಸಿಗುತ್ತಿರಲಿಲ್ಲ. ಮೊದಲನೆಯದನ್ನು ನಿರ್ಮೂಲ ಮಾಡಿದಾಗ ಇಲಿ ಹೆಗ್ಗಣಗಳಲ್ಲಿದ್ದ ಎರಡನೆಯದು ಬಂದು ಕೂತಿತು. ಇದು ಸಿದ್ಧವಾದ ಸತ್ಯವಲ್ಲ, ಬಲವಾದ ಊಹೆ. ಬಿಳಿ ಭೇದಿಯನ್ನು ನಿರ್ಮೂಲ ಮಾಡಿದ್ದು ತಪ್ಪೆಂದೂ ಇದರ ಅರ್ಥವಲ್ಲ.

ನುರ್ಮಿ ವಿಧಾನಕ್ಕೆ ಮಿತಿಗಳಿವೆ. ಈಗಾಗಲೇ ಸಾಲ್ಮೊನೆಲ್ಲಾ ಹೊಕ್ಕ ಮರಿಗೆ ಅದು ಚಿಕಿತ್ಸೆಯಾಗದು. ಕ್ಯಾಂಪಿಲೋಬ್ಯಾಕ್ಟರ್ ಎಂಬ, ಕೋಳಿಮಾಂಸದಿಂದ ಮನುಷ್ಯರಿಗೆ ಭೇದಿ ತರುವ ಇನ್ನೊಂದು ಬ್ಯಾಕ್ಟೀರಿಯಾದ ಮುಂದೆ ಅದು ಹೆಚ್ಚೇನೂ ಸಾಧಿಸಿಲ್ಲ. ಕ್ಯಾಂಪಿಲೋಬ್ಯಾಕ್ಟರ್ ಮರಿಗಳಿಗೆ ಅಂಟುವುದು ಎರಡು ಮೂರು ವಾರವಾದ ಮೇಲೆ. ಅದು ಕರುಳಿನ ಲೋಳೆಯ ಕುಳಿಗಳಲ್ಲಿ ಬದುಕುತ್ತದೆ. ಸಕ್ಕರೆಗಾಗಿ ಯಾರ ಜೊತೆಯೂ ಪೈಪೋಟಿಗಿಳಿಯದೆ ಅಮೈನೋ ಆಮ್ಲ ಮತ್ತು ಸಾವಯವ ಆಮ್ಲಗಳನ್ನು ತಿನ್ನುತ್ತದೆ. ಸಾಲ್ಮೊನೆಲ್ಲಾವನ್ನು ತಡೆಯುವ ಆಮ್ಲಗಳಲ್ಲೂ ಕೆಲವು ಅದಕ್ಕೆ ಊಟ.

ಕರುಳಿನ ಇನ್ನೊಂದು ಪಿಡುಗು ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್. ಇದು ಬ್ರಾಯ್ಲರ್‌ಗಳ ಸಣ್ಣಕರುಳನ್ನು ಕೊಳೆಸಿ ಒಂದೇ ರಾತ್ರಿಯಲ್ಲಿ ಹಿಂಡಿನಲ್ಲಿ ಸಾವು ತರಬಲ್ಲದು. ಮೇವಿನಲ್ಲಿ ಬೆಳವಣಿಗೆಗಾಗಿ ಆಂಟಿಬಯಾಟಿಕ್ ಬೆರೆಸುವುದನ್ನು ಸ್ವೀಡನ್ 1986ರಲ್ಲಿ, ಐರೋಪ್ಯ ಒಕ್ಕೂಟ 2006ರ ಜನವರಿಯಿಂದ ನಿಷೇಧಿಸಿದಾಗ ರೈತರನ್ನು ಹೆಚ್ಚು ಕಾಡಿದ್ದು ಈ ರೋಗ. ಇದಕ್ಕೆ ಬ್ಯಾಸಿಲಸ್ ಸಬ್ಟಿಲಿಸ್‌ನ ಬೀಜಕಣಗಳು ಪ್ರಯೋಜನಕ್ಕೆ ಬಂದಿವೆ. ಮೇವಿನ ಗುಳಿಗೆ ಮಾಡುವಾಗ ಬಳಸುವ 80 ಡಿಗ್ರಿಯ ಹಬೆಯಲ್ಲಿ ಲ್ಯಾಕ್ಟೋಬ್ಯಾಸಿಲಸ್ ಸಾಯುತ್ತದೆ, ಬೀಜಕಣ ಸಾಯುವುದಿಲ್ಲ. ಹೀಗಾಗಿ ಅದು ಮೂಟೆಯಲ್ಲಿ ತಿಂಗಳುಗಟ್ಟಲೆ ಕೂತಿದ್ದು ಕೋಳಿಯ ಹೊಟ್ಟೆಯಲ್ಲಿ ಮೊಳೆಯಬಲ್ಲದು.

ದನಗಳಲ್ಲೂ ಇದೇ ತತ್ವ ಕೆಲಸಕ್ಕೆ ಬಂದಿದೆ. 1993ರಲ್ಲಿ ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ಸರಿಯಾಗಿ ಬೇಯದ ಹ್ಯಾಂಬರ್ಗರ್ ತಿಂದು 700ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, ನಾಲ್ಕು ಮಕ್ಕಳು ತೀರಿಕೊಂಡರು. ಕಾರಣ ದನದ ಕರುಳಿನಲ್ಲಿ ಸದ್ದಿಲ್ಲದೆ ಇರುವ ಇ. ಕೋಲೈ ಓ157 ತಳಿ. ಅಲ್ಲಿನ ದನದ ಕೊಟ್ಟಿಗೆಗಳಲ್ಲಿ ಮೇವಿನ ಜೊತೆ ದಿನವೂ ಲ್ಯಾಕ್ಟೋಬ್ಯಾಸಿಲಸ್‌ನ ಒಂದು ನಿರ್ದಿಷ್ಟ ತಳಿಯನ್ನು ಕೊಟ್ಟಾಗ ಈ ಬ್ಯಾಕ್ಟೀರಿಯಾ ಹೊರಹಾಕುವ ದನಗಳ ಸಂಖ್ಯೆ ಸುಮಾರು ಅರ್ಧಕ್ಕಿಳಿಯಿತು. ಪೂರ್ತಿ ಅಳಿಯಲಿಲ್ಲ. ಆದರೂ ಕಸಾಯಿಖಾನೆಗೆ ಬರುವ ಸೋಂಕಿನ ಹೊರೆ ಅರ್ಧಕ್ಕೆ ಇಳಿಯುವುದು ಸಣ್ಣ ಮಾತಲ್ಲ. ಹಾಲು ಬಿಡಿಸಿದ ಹಂದಿಮರಿಗಳ ಭೇದಿಗೆ ಯುರೋಪಿನವರು ಸತು ಆಕ್ಸೈಡ್ ಕೊಡುತ್ತಿದ್ದರು. 2022ರ ಜೂನ್‌ನಿಂದ ಅದನ್ನೂ ನಿಲ್ಲಿಸಬೇಕಾಗಿ ಬಂದದ್ದರಿಂದ ಅಲ್ಲಿ ಸೂಕ್ಷ್ಮಾಣುಗಳ ಹುಡುಕಾಟ ಚುರುಕಾಗಿದೆ.

ಈ ನಡುವೆ ಜೆಕ್ ಗಣರಾಜ್ಯದ ಬ್ರ್ನೋ ನಗರದ ಸಂಶೋಧಕರು ಮೂಲಕ್ಕೇ ಮರಳಿ ಒಂದು ಸರಳ ಪ್ರಯೋಗ ಮಾಡಿದರು. 2019ರಲ್ಲಿ ಅದು ಪ್ರಕಟವಾಯಿತು. ಹ್ಯಾಚರಿಯ ಮರಿಗಳ ಜೊತೆ ಒಂದು ದೊಡ್ಡ ಕೋಳಿಯನ್ನು ಬಿಟ್ಟು ನೋಡಿದರು. 24 ಗಂಟೆ ಜೊತೆಗಿದ್ದರೆ ಸಾಕು, ಮರಿಗಳ ಸೀಕಮ್ಮಿನ ಚಿತ್ರವೇ ಬದಲಾಯಿತು. ಅದಕ್ಕಿಂತ ಮುಖ್ಯವಾದದ್ದು ಯಾವುದು ತಾಯಿಯಿಂದ ಬರುತ್ತದೆ, ಯಾವುದು ತಾಯಿಯಿಲ್ಲದೆಯೂ ಬರುತ್ತದೆ ಎಂದು ಅವರು ಬಿಡಿಸಿ ತೋರಿಸಿದ್ದು. ಲ್ಯಾಕ್ಟೋಬ್ಯಾಸಿಲಸ್ ಪರಿಸರದಲ್ಲೇ ಧಾರಾಳವಾಗಿ ಸಿಗುತ್ತದೆ, ತಾಯಿ ಇದ್ದರೂ ಇಲ್ಲದಿದ್ದರೂ ಮರಿಗೆ ಬರುತ್ತದೆ. ಬೀಜಕಣ ಕಟ್ಟುವ ಬ್ಯಾಕ್ಟೀರಿಯಾಗಳೂ ಅಷ್ಟೇ. ತಾಯಿ ಇಲ್ಲದಿದ್ದರೆ ಬಾರದೇ ಇರುವುದು ಬ್ಯಾಕ್ಟೀರಾಯಿಡೀಸ್ ಗುಂಪಿನಂಥವು. ಅವುಗಳಿಗೆ ಬೀಜಕಣವಿಲ್ಲ, ಹೊರಗಿನ ಗಾಳಿಯಲ್ಲಿ ಬದುಕು ಕಷ್ಟ. ಅವು ಕೋಳಿಯಿಂದ ಕೋಳಿಗೆ ನೇರವಾಗಿ ದಾಟಬೇಕು.

ಇದನ್ನು ಓದಿದ ಮೇಲೆ ನಮ್ಮ ಪಶು ಔಷಧದ ಅಂಗಡಿಗಳಲ್ಲಿ ಪ್ರೋಬಯಾಟಿಕ್ ಎಂದು ಮಾರುವ ಪೊಟ್ಟಣಗಳನ್ನು ಬೇರೆ ಕಣ್ಣಿನಿಂದ ನೋಡಬೇಕಾಗುತ್ತದೆ. ಹೆಚ್ಚಿನವುಗಳಲ್ಲಿ ಇರುವುದು ಲ್ಯಾಕ್ಟೋಬ್ಯಾಸಿಲಸ್, ಬ್ಯಾಸಿಲಸ್, ಯೀಸ್ಟ್. ಅವು ನಿರುಪಯೋಗಿ ಎಂದು ನಾನು ಹೇಳುತ್ತಿಲ್ಲ. ಮೇವು ಅರಗಲು, ಬೇಸಗೆಯ ಒತ್ತಡ ತಾಳಲು, ಕ್ಲಾಸ್ಟ್ರಿಡಿಯಂ ಹತ್ತಿಕ್ಕಲು ಒಳ್ಳೆಯ ತಯಾರಿಕೆಗಳಿಂದ ಸಹಾಯವಿದೆ. ಆದರೆ ಹ್ಯಾಚರಿ ಮರಿಗೆ ನಿಜವಾಗಿ ಕೊರತೆಯಾದದ್ದು ಅವಲ್ಲ. ಹೇಂಟೆ ಮಾತ್ರ ಕೊಡಬಲ್ಲದ್ದು ಆ ಪೊಟ್ಟಣದಲ್ಲಿಲ್ಲ.

2019ರ ಜಾನುವಾರು ಗಣತಿಯ ಪ್ರಕಾರ ಭಾರತದಲ್ಲಿ 85 ಕೋಟಿಗೂ ಹೆಚ್ಚು ಕೋಳಿಗಳಿದ್ದವು. ಅದರಲ್ಲಿ ಸುಮಾರು 32 ಕೋಟಿಯಷ್ಟು ಹಿತ್ತಲ ಕೋಳಿಗಳು, ಮಿಕ್ಕವು ಹೆಚ್ಚಾಗಿ ತಾಯಿ ಕಾಣದ ಮರಿಗಳು. ಅದೇ ವರ್ಷದ ಜುಲೈನಲ್ಲಿ ಕೇಂದ್ರ ಸರ್ಕಾರ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಕೊಡುವುದನ್ನು ನಿಷೇಧಿಸಿತು. ಕೊಲಿಸ್ಟಿನ್ ಆಸ್ಪತ್ರೆಗಳಲ್ಲಿ ಬೇರೆ ಯಾವ ಔಷಧಕ್ಕೂ ಬಗ್ಗದ ಸೋಂಕಿಗೆ ಕೊನೆಯ ಅಸ್ತ್ರ. ಅದಕ್ಕೆ ಪ್ರತಿರೋಧ ಕೊಡುವ, ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲ ಜೀನು 2015ರಲ್ಲಿ ಚೀನಾದಲ್ಲಿ ಮೊದಲು ಪತ್ತೆಯಾಯಿತು. ಹಂದಿಗಳಲ್ಲಿ, ಮಾಂಸದಲ್ಲಿ, ರೋಗಿಗಳಲ್ಲಿ ಎಲ್ಲ ಕಡೆಯೂ ಇತ್ತು. ನಿಷೇಧ ಸರಿಯಾದ ಕ್ರಮ. ಆದರೆ ಔಷಧ ಕಿತ್ತುಕೊಂಡು ಬದಲಿ ಕೊಡದಿದ್ದರೆ ರೈತ ಮತ್ತೊಂದು ಔಷಧ ಹುಡುಕುತ್ತಾನೆ. ನಮ್ಮ ಎಷ್ಟೋ ಫಾರ್ಮ್‌ಗಳಲ್ಲಿ ಇಂದಿಗೂ ಮರಿ ಬಂದಿಳಿದ ದಿನ ಬೆಲ್ಲದ ನೀರು, ಅದರ ಹಿಂದೆಯೇ ಮೂರರಿಂದ ಐದು ದಿನ ಆಂಟಿಬಯಾಟಿಕ್ ಬೆರೆಸಿದ ನೀರು. ಕಾಯಿಲೆ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಸೀಕಮ್ಮಿನಲ್ಲಿ ಒಳ್ಳೆಯವು ನೆಲೆಯೂರಬೇಕಾದ ಅದೇ ದಿನಗಳಲ್ಲಿ ಬಾನ್‌ಹಾಫ್ ಇಲಿಗಳಿಗೆ ಮಾಡಿದ್ದನ್ನೇ ನಾವು ಮರಿಗಳಿಗೆ ಮಾಡುತ್ತಿದ್ದೇವೆ. ಕೆಲವು ಕಡೆ ಒಂದೇ ಡ್ರಮ್ಮಿನ ನೀರಿಗೆ ಬೆಳಿಗ್ಗೆ ಆಂಟಿಬಯಾಟಿಕ್, ಸಂಜೆ ಪ್ರೋಬಯಾಟಿಕ್. ಎರಡರ ದುಡ್ಡೂ ವ್ಯರ್ಥ.

ಕರ್ನಾಟಕದಲ್ಲಿ ಇದನ್ನು ಬದಲಿಸುವ ಸಾಮರ್ಥ್ಯವಿದೆ. ಗಿರಿರಾಜ ಕೋಳಿಯನ್ನು ರೂಪಿಸಿದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಇಲ್ಲಿದೆ. ಆಡುಗೋಡಿಯಲ್ಲಿ ಪಶು ಪೋಷಣೆ ಮತ್ತು ಶರೀರಕ್ರಿಯೆಯ ರಾಷ್ಟ್ರೀಯ ಸಂಸ್ಥೆ ಇದೆ. ಬೀದರ್‌ನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವಿದೆ. ನಮ್ಮ ನಾಟಿ ಹೇಂಟೆಗಳ ಸೀಕಮ್ಮಿನಿಂದ ಪರೀಕ್ಷಿಸಿದ, ರೋಗಮುಕ್ತವಾದ, ಅಗ್ಗದ ಮಿಶ್ರಣವೊಂದನ್ನು ತಯಾರಿಸಿ ಹ್ಯಾಚರಿಗಳಿಗೆ ಕೊಡುವ ಕೆಲಸವನ್ನು ಈ ಸಂಸ್ಥೆಗಳು ಸೇರಿ ಕೈಗೆತ್ತಿಕೊಳ್ಳಬೇಕು. ಕಂಪನಿಗಳು ತಾವಾಗಿ ಮಾಡಲಿ ಎಂದು ಕಾದರೆ ಅಮೆರಿಕದಲ್ಲಿ ಆದದ್ದೇ ಇಲ್ಲೂ ಆಗುತ್ತದೆ.

ಕೋಳಿ ಸಾಕುವವರಿಗೆ ಈಗಲೇ ಮಾಡಬಹುದಾದದ್ದೂ ಇದೆ. ವೈದ್ಯರು ರೋಗ ಗುರುತಿಸಿ ಬರೆದುಕೊಡದ ಹೊರತು ಮೊದಲ ವಾರದ ಮರಿಗೆ ಆಂಟಿಬಯಾಟಿಕ್ ಬೇಡ. ಪ್ರೋಬಯಾಟಿಕ್ ಕೊಡುವುದಾದರೆ ಮರಿ ಬಂದ ಗಂಟೆಯಲ್ಲೇ, ಮೊದಲ ನೀರಿನಲ್ಲೇ ಕೊಡಿ, ನಾಲ್ಕು ದಿನ ಬಿಟ್ಟಲ್ಲ. ಆ ನೀರಿಗೆ ಕ್ಲೋರಿನ್ ಹಾಕಿರಬಾರದು, ಹಾಕಿದ್ದರೆ ಬ್ಯಾಕ್ಟೀರಿಯಾ ಡ್ರಮ್ಮಿನಲ್ಲೇ ಸಾಯುತ್ತದೆ. ನುರ್ಮಿಯ ಪ್ರಯೋಗ ಓದಿ ದೊಡ್ಡ ಕೋಳಿಯ ಕರುಳನ್ನು ಮನೆಯಲ್ಲೇ ಕದಡಿ ಮರಿಗಳಿಗೆ ಕುಡಿಸಲು ಮಾತ್ರ ಹೋಗಬೇಡಿ. ಪರೀಕ್ಷೆ ಮಾಡದ ಸಾರದಲ್ಲಿ ಗಂಬೋರೋ, ರಾಣಿಖೇತ್ ರೋಗಗಳ ವೈರಸ್ಸು, ಕಾಕ್ಸಿಡಿಯಾ ಯಾವುದಾದರೂ ಇರಬಹುದು, ಒಂದೇ ಸಲಕ್ಕೆ ಇಡೀ ಶೆಡ್ ಖಾಲಿಯಾಗಬಹುದು.